ಶಾಲೆ ಮತ್ತೆ ತೆರೆಯುವಾಗ ಮೊದಲು ಟ್ಯಾಂಕು

ಪ್ರಶ್ನೆ: 2020ರ ಮಾರ್ಚ್‌ನಲ್ಲಿ ಕೊರೊನಾದಿಂದಾಗಿ ಮುಚ್ಚಿದ ಮುಂಬಯಿ ಶಾಲೆಗಳಲ್ಲಿ 1ರಿಂದ 7ನೇ ತರಗತಿ ತೆರೆದದ್ದು 2021ರ ಡಿಸೆಂಬರ್ 15ಕ್ಕೆ. ಮತ್ತೆ ಹಾಗಾದರೆ ನಮ್ಮಂಥ ಪಾಲಿಕೆಯ ಕನ್ನಡ ಶಾಲೆ ಮೊದಲು ಏನು ಮಾಡಬೇಕು?
– ಶಾಲಾ ಸಮಿತಿ ಸದಸ್ಯೆ, ಸಯನ್

ಉತ್ತರ: ಮೊದಲು ನೀರಿನ ಟ್ಯಾಂಕು ನೋಡಿ, ತಾಯಿ. ನಿಂತ ನೀರು ಚೆಲ್ಲಿ, ಕೆಸರು ತೆಗೆದು ಉಜ್ಜಿ. 1000 ಲೀಟರಿಗೆ 200 ಗ್ರಾಂ ಬ್ಲೀಚಿಂಗ್ ಪೌಡರ್ ಸಾಕು. ಬಕೆಟ್ಟಿನಲ್ಲಿ ಕಲಸಿ, ಸುಣ್ಣ ತಳಕ್ಕಿಳಿದ ಮೇಲೆ ತಿಳಿಯನ್ನಷ್ಟೇ ತುಂಬಿದ ಟ್ಯಾಂಕಿಗೆ ಸುರಿಯಿರಿ. ನಲ್ಲಿಗಳಲ್ಲಿ ಕ್ಲೋರಿನ್ ವಾಸನೆ ಬರುವವರೆಗೆ ನೀರು ಬಿಟ್ಟು, ನಲ್ಲಿ ಮುಚ್ಚಿ, ಒಂದು ದಿನ ಹಾಗೇ ಇಡಿ. ಆಮೇಲೆ ಪೂರ್ತಿ ಖಾಲಿ ಮಾಡಿ ತೊಳೆಯಿರಿ. ಆ ನೀರನ್ನು ಯಾರೂ ಕುಡಿಯಕೂಡದು. ಬಾಯಿ ತೆರೆದಿಟ್ಟ ಹಳೇ ಪೌಡರ್ ಬೇಡ, ಕ್ಲೋರಿನ್ ಹಾರಿಹೋಗಿರುತ್ತದೆ.

ಕೋಣೆಯಲ್ಲಿ ಎದುರುಬದುರಿನ ಕಿಟಕಿ, ಬಾಗಿಲು ಎರಡೂ ತೆರೆದಿರಲಿ. ಒಂದೇ ಕಡೆ ತೆರೆದರೆ ಗಾಳಿ ಅಷ್ಟಾಗಿ ಆಡುವುದಿಲ್ಲ. ಬೆಂಚು ಒರೆಸುವುದಕ್ಕಿಂತ ಇದೇ ಮುಖ್ಯ.

ಇನ್ನು ಪಾಠ. ಮನೆಯಲ್ಲಿ ಒಂದೇ ಫೋನು, ಅದೂ ಅಪ್ಪನ ಜತೆ ಕೆಲಸಕ್ಕೆ ಹೋಗುತ್ತಿದ್ದ ಮಗು ಒತ್ತಕ್ಷರವನ್ನೇ ಮರೆತಿರಬಹುದು. ಅದಕ್ಕೆ ನೇರ ಐದನೆಯ ತರಗತಿಯ ಪುಸ್ತಕ ಕೊಡುವುದು ಅನ್ಯಾಯ. ಪ್ರತಿ ಮಗುವಿನಿಂದಲೂ ಬೇರೆಯಾಗಿ ನಾಲ್ಕು ಸಾಲು ಓದಿಸಿ. ಅಕ್ಷರ, ಪದ, ವಾಕ್ಯ ಎಂದು ಗುಂಪು ಮಾಡಿ, ದಿನಕ್ಕೊಂದು ಗಂಟೆ ತರಗತಿ ಭೇದವಿಲ್ಲದೆ ಕಲಿಸಿ. ಶಾಲೆಗೆ ಬಾರದ ಮಕ್ಕಳ ಮನೆಗೆ ಮೊದಲ ವಾರವೇ ಹೋಗಿ.