ಉಬ್ಬಸವಿರುವ ಮಗುವನ್ನು ಶಿಶುವಿಹಾರದಿಂದ ಬಿಡಿಸಬೇಕೇ?

ಮೂರೂವರೆ ವರ್ಷದ ಮಗಳಿಗೆ ಶಿಶುವಿಹಾರಕ್ಕೆ ಸೇರಿದಂದಿನಿಂದ ಪದೇ ಪದೇ ನೆಗಡಿಯಾಗಿ ಉಬ್ಬಸ ಮರುಕಳಿಸುತ್ತಿದೆ, ಈ ವರ್ಷ ಬಿಡಿಸಿಬಿಡಲೇ ಎಂದು ಕೇಳಿದ್ದೀರಿ. ವೈದ್ಯರು ಬೇಡವೆಂದು ಹೇಳದ ಹೊರತು ಬಿಡಿಸಬೇಡಿ ಎಂಬುದು ನನ್ನ ಅಭಿಪ್ರಾಯ. ಮೊದಲ ಬಾರಿಗೆ ಹತ್ತಾರು ಮಕ್ಕಳೊಡನೆ ಬೆರೆಯುವ ಮಗುವಿಗೆ ವರ್ಷಕ್ಕೆ 8ರಿಂದ 10 ಸಲ ನೆಗಡಿಯಾಗುವುದು ಸಾಮಾನ್ಯ. ಈ ವಯಸ್ಸಿನಲ್ಲಿ ಉಬ್ಬಸವನ್ನು ಕೆರಳಿಸುವುದು ಬಹುಪಾಲು ಆ ವೈರಾಣುಗಳೇ ಆದ್ದರಿಂದ, ಒಂದು ವರ್ಷ ತಡವಾಗಿ ಸೇರಿಸಿದರೂ ಇದೇ ಘಟ್ಟವನ್ನು ಆಗ ದಾಟಬೇಕಾಗಬಹುದು.

ಮಗು ಚೆನ್ನಾಗಿದೆಯೆಂದು ನಿತ್ಯದ ಇನ್‌ಹೇಲರನ್ನು ನೀವಾಗಿಯೇ ನಿಲ್ಲಿಸಬೇಡಿ. ತುರ್ತಿನ ಇನ್‌ಹೇಲರ್, ಮಾಸ್ಕ್ ಇರುವ ಸ್ಪೇಸರ್ (ಇನ್‌ಹೇಲರಿಗೆ ಜೋಡಿಸುವ ಕೊಳವೆ) ಹಾಗೂ ವೈದ್ಯರು ಬರೆದುಕೊಟ್ಟ ಸೂಚನೆಯ ಪ್ರತಿಯನ್ನು ಶಾಲೆಯಲ್ಲಿಡಿ. ಮಾಸ್ಕನ್ನು ಮೂಗು, ಬಾಯಿಗಳ ಮೇಲೆ ಸಂದಿಲ್ಲದಂತೆ ಕೂರಿಸಿ, ಒಂದು ಪಫ್ ಒತ್ತಿ, ಮಗು ಐದಾರು ಸಲ ಉಸಿರಾಡುವವರೆಗೆ ಹಿಡಿದಿರುವುದನ್ನು ಶಿಕ್ಷಕಿಗೆ ನೀವೇ ಮಾಡಿ ತೋರಿಸಿ. ಬರೀ ಬಾಯಿಮಾತಿನಲ್ಲಿ ಹೇಳಿದ್ದು ಗಾಬರಿಯಲ್ಲಿ ನೆನಪಿಗೆ ಬರುವುದಿಲ್ಲ. ಸ್ಪೇಸರನ್ನು ಸೋಪಿನ ನೀರಿನಲ್ಲಿ ತೊಳೆದ ಮೇಲೆ ಬಟ್ಟೆಯಿಂದ ಒರೆಸದೆ ಗಾಳಿಗೆ ಒಣಗಲು ಬಿಡಿ, ಏಕೆಂದರೆ ಒರೆಸಿದಾಗ ಔಷಧಿ ಅದರ ಒಳಮೈಗೇ ಅಂಟಿಕೊಳ್ಳುತ್ತದೆ.

ಫ್ಲೂ ಲಸಿಕೆಯ ಬಗ್ಗೆಯೂ ಮಕ್ಕಳ ವೈದ್ಯರನ್ನು ಕೇಳಿ. ಪಕ್ಕೆಲುಬುಗಳ ನಡುವಿನ ಚರ್ಮ ಒಳಕ್ಕೆ ಸೆಳೆಯುತ್ತಿದ್ದರೆ, ಒಂದು ವಾಕ್ಯವನ್ನು ಪೂರ್ತಿ ಆಡಲಾಗದಷ್ಟು ಏದುಸಿರಿದ್ದರೆ ಅಥವಾ ತುಟಿ ನೀಲಿಗಟ್ಟಿದರೆ, ನೀವು ಬರುವವರೆಗೆ ಕಾಯದೆ ತುರ್ತಿನ ಇನ್‌ಹೇಲರ್ ಕೊಟ್ಟು 108ಕ್ಕೆ ಕರೆ ಮಾಡಬೇಕೆಂದು ಶಾಲೆಯವರಿಗೆ ಬರೆದೇ ಕೊಡಿ.