ಬಳ್ಳಾರಿ ಜಾಲಿ ಎಂಬ ಮುಳ್ಳುಗಿಡ ಕಡಿದಷ್ಟೂ ಬರುತ್ತಲ್ಲ, ಗೋಮಾಳ ನೋಡಿಕೊಳ್ಳುವವರಿಗೆ ತರಬೇತಿ ಕೊಟ್ಟರೆ ಏನು ಪ್ರಯೋಜನ?

ಪ್ರಯೋಜನ ಖಂಡಿತ ಇದೆ. ಕಡಿಯುವುದನ್ನು ಯಾರಿಗೂ ಕಲಿಸಬೇಕಿಲ್ಲ. ಎಲ್ಲಿಂದ ಶುರು ಮಾಡಬೇಕು, ಎಷ್ಟು ವರ್ಷ ಬೆನ್ನುಹತ್ತಬೇಕು ಎಂಬುದನ್ನು ಕಲಿಸಬೇಕು.

ಈ ಜಾಲಿಯ ಚಿಗುರುಮೊಗ್ಗುಗಳು ಬುಡದಲ್ಲಿ, ಮಣ್ಣಿನ ಮಟ್ಟಕ್ಕಿಂತ ತುಸು ಕೆಳಗೂ ಇರುತ್ತವೆ. ನೆಲದ ಮೇಲೆ ಕೊಯ್ದರೆ ಒಂದು ಕಾಂಡದ ಜಾಗದಲ್ಲಿ ನಾಲ್ಕಾರು ಏಳುತ್ತವೆ. ಜೆಸಿಬಿ ತಂದು ಬೇರುಸಮೇತ ಕಿತ್ತರೂ ಮಣ್ಣಲ್ಲಿನ ಗಟ್ಟಿ ಬೀಜ ವರ್ಷಗಟ್ಟಲೆ ಕಾಯುತ್ತದೆ. ಸಿಹಿ ಕಾಯಿ ತಿಂದ ದನ, ಕುರಿಗಳು ಸಗಣಿ, ಹಿಕ್ಕೆಯಲ್ಲಿ ಹೊಸ ಬೀಜ ತಂದು ಹಾಕುತ್ತವೆ.

ಹಾಗಾಗಿ ಕೊಪ್ಪಳದ ಗೋಮಾಳವಿರಲಿ, ರಾಯಚೂರಿನ ಕಾಲುವೆ ದಂಡೆಯಿರಲಿ, ಜಾಲಿ ಎಲ್ಲೆಲ್ಲಿ ಹಬ್ಬಿದೆ ಎಂದು ಮೊದಲು ನಕ್ಷೆ ಹಾಕಿ. ಅಂಚಿನ ಬಿಡಿ ಗಿಡಗಳನ್ನು ಕಾಯಿ ಬಲಿಯುವ ಮುನ್ನವೇ ಅಗೆದು ತೆಗೆಯಿರಿ, ದಟ್ಟ ಪೊದೆ ಆಮೇಲೆ. ಮೊದಲ ವರ್ಷವೇ ಹಣವೆಲ್ಲ ಯಂತ್ರಕ್ಕೆ ಸುರಿಯುವುದು ನೋಡಿದರೆ ಹೊಟ್ಟೆ ಉರಿಯುತ್ತದೆ. ಅರ್ಧವನ್ನಾದರೂ ಮುಂದಿನ ಮಳೆಗಾಲಗಳಲ್ಲಿ ಸಸಿ ಕೀಳಲು, ಹುಲ್ಲು ಬಿತ್ತಲು ಎತ್ತಿಡಿ.