ಮಳೆ ಲೆಕ್ಕದ ಟೇಬಲ್‌ನಲ್ಲಿ ದಿನಾಂಕ ಅದಲುಬದಲಾಗಿದ್ದರೆ

ನಮಸ್ಕಾರ ಸರ್. ಹೊಳಲ್ಕೆರೆ ತೋಟದ ಮಳೆಮಾಪಕದ ಫೈಲನ್ನು ಲಿಬ್ರೆಆಫೀಸ್ ಕ್ಯಾಲ್ಕ್‌ನಲ್ಲಿ ತೆರೆದಾಗ ದಿನಾಂಕಗಳು ಹಿಂದುಮುಂದಾಗಿವೆ, ಮೋಟಾರ್ ಓಡಿದ ಒಟ್ಟು ಗಂಟೆ ತಪ್ಪಾಗಿ ಬರುತ್ತಿದೆ, ಮಗಳು ಜಾವಾದಲ್ಲಿ ಬರೆದ ಪ್ರೋಗ್ರಾಮಿನ ಟೇಬಲ್‌ನಲ್ಲೂ ಸಾಲುಗಳು ಕ್ರಮವಾಗಿ ನಿಲ್ಲುತ್ತಿಲ್ಲ ಎಂದು ಕೇಳಿದ್ದೀರಿ. ನೀವು ಹಾಕಿದ ಫೋಟೋವನ್ನು ದೊಡ್ಡದು ಮಾಡಿ ಸಾಲು ಸಾಲಾಗಿ ನೋಡಿದೆ. 2025ರ ಜೂನ್ 8ರಂದು ಸುರಿದ ಮೃಗಶಿರ ಮಳೆ ನಿಮ್ಮ ಟೇಬಲ್‌ನಲ್ಲಿ ಆಗಸ್ಟ್ 6ಕ್ಕೆ ಹೋಗಿ ಆಶ್ಲೇಷ ಮಳೆಯಾಗಿ ಕೂತಿದೆ. ಮುಂದಿನ ವರ್ಷದ ಮೆಕ್ಕೆಜೋಳದ ಬಿತ್ತನೆಗೆ ಇದೇ ಲೆಕ್ಕವನ್ನು ನೋಡುವವರಿದ್ದೀರಿ, ಆದ್ದರಿಂದ ವಿವರವಾಗಿಯೇ ಬರೆಯುತ್ತೇನೆ.

ಕ್ಯಾಲ್ಕ್ ಆಗಲಿ ಎಕ್ಸೆಲ್ ಆಗಲಿ ದಿನಾಂಕವನ್ನು ಅಕ್ಷರಗಳಾಗಿ ಇಟ್ಟುಕೊಳ್ಳುವುದಿಲ್ಲ, ಒಂದು ಸಂಖ್ಯೆಯಾಗಿ ಇಟ್ಟುಕೊಳ್ಳುತ್ತದೆ. 2025ರ ಜೂನ್ 8 ಎಂದರೆ ಅದರ ಲೆಕ್ಕದಲ್ಲಿ 45816. ಒಂದು ದಿನಕ್ಕೆ ಒಂದು ಎಂದು ಕೂಡುತ್ತಾ ಹೋಗುತ್ತದೆ, ಸಮಯವು ಆ ಒಂದರ ಭಾಗವಾಗಿರುತ್ತದೆ. ಆದ್ದರಿಂದ ಅದೇ ದಿನ ಬೆಳಿಗ್ಗೆ 6 ಗಂಟೆ ಎಂದರೆ 45816.25. ನಿಮ್ಮ ನಾಲ್ಕನೆಯ ಕಾಲಮ್‌ನಲ್ಲಿ ಕಂಡು ನಿಮ್ಮನ್ನು ಗಾಬರಿಗೊಳಿಸಿದ 45 ಸಾವಿರದ ಅಂಕಿಗಳು ಇವೇ. ಅಲ್ಲಿ ಏನೂ ಕೆಟ್ಟಿಲ್ಲ. ಕಂಟ್ರೋಲ್ ಮತ್ತು 1 ಒತ್ತಿ ದಿನಾಂಕದ ಫಾರ್ಮ್ಯಾಟ್ ಆರಿಸಿದರೆ ಸರಿಯಾಗುತ್ತದೆ.

ನಿಜವಾದ ತೊಂದರೆ ಇರುವುದು ಮೊದಲ ಕಾಲಮ್‌ನಲ್ಲಿ. ಅಲ್ಲಿ ಕೆಲವು ದಿನಾಂಕಗಳು ಸೆಲ್‌ನ ಎಡಕ್ಕೂ ಕೆಲವು ಬಲಕ್ಕೂ ಅಂಟಿಕೊಂಡಿವೆ. ಎಡಕ್ಕಿರುವುದು ಬರಿಯ ಪಠ್ಯ, ಬಲಕ್ಕಿರುವುದು ಕಂಪ್ಯೂಟರ್ ದಿನಾಂಕವೆಂದು ಒಪ್ಪಿಕೊಂಡದ್ದು. ಎಡಕ್ಕಿರುವುವು ಮಾತ್ರ ಕೆಟ್ಟಿವೆ ಎಂದು ನೀವು ಅವುಗಳನ್ನು ಕೈಯಿಂದ ತಿದ್ದಲು ಹೊರಟಿದ್ದೀರಿ, ಆದರೆ ಕೆಟ್ಟಿರುವುದು ಬಲಕ್ಕಿರುವುವು. ಫೈಲ್ ತೆರೆಯುವಾಗ ಭಾಷೆ ಅಮೆರಿಕದ ಇಂಗ್ಲಿಷ್ ಎಂದು ಇದ್ದುದರಿಂದ ಕ್ಯಾಲ್ಕ್ ಮೊದಲ ಅಂಕಿಯನ್ನು ತಿಂಗಳೆಂದು ಓದಿತು. 08/06/2025 ಅದಕ್ಕೆ ಆಗಸ್ಟ್ 6 ಆಯಿತು. 13/06/2025 ಬಂದಾಗ ಹದಿಮೂರನೆಯ ತಿಂಗಳು ಇಲ್ಲದ ಕಾರಣ ಮುಟ್ಟದೆ ಪಠ್ಯವಾಗಿಯೇ ಬಿಟ್ಟಿತು. ಹೀಗಾಗಿ ಪ್ರತಿ ತಿಂಗಳ 13ರಿಂದ ಮುಂದಿನ ಸಾಲುಗಳು ಎಡಕ್ಕಿದ್ದರೂ ಓದಲು ಸರಿಯಾಗಿವೆ. 1ರಿಂದ 12ರವರೆಗಿನವು ಬಲಕ್ಕೆ ನೀಟಾಗಿ ಕೂತು, ಜೂನ್ 6ರಂತೆ ದಿನವೂ ತಿಂಗಳೂ ಒಂದೇ ಅಂಕಿಯಾಗಿರುವುದನ್ನು ಬಿಟ್ಟರೆ, ಎಲ್ಲವೂ ತಪ್ಪಾಗಿವೆ. ನೀವು ತಿಂಗಳ ಹೆಸರು ಕಾಣುವ ಫಾರ್ಮ್ಯಾಟ್ ಹಾಕಿದ ಮೇಲೆ ಇದು ಹೊರಗೆ ಬಿತ್ತು, ಇಲ್ಲದಿದ್ದರೆ ವರ್ಷಗಟ್ಟಲೆ ಗೊತ್ತಾಗುತ್ತಿರಲಿಲ್ಲ. ಅನುಮಾನವಿದ್ದರೆ ಕಂಟ್ರೋಲ್ ಮತ್ತು ಎಫ್8 ಒತ್ತಿ ನೋಡಿ: ಪಠ್ಯ ಕಪ್ಪಾಗಿ, ಸಂಖ್ಯೆ ನೀಲಿಯಾಗಿ ಕಾಣುತ್ತದೆ.

ಆದ್ದರಿಂದ ಈಗಿನ ಹಾಳೆಯನ್ನು ತಿದ್ದಬೇಡಿ. ಮಳೆಮಾಪಕದಿಂದ ಬಂದ ಮೂಲ ಸಿಎಸ್‌ವಿ ಫೈಲನ್ನೇ, ಅಂದರೆ ಅಲ್ಪವಿರಾಮ ಹಾಕಿ ಬರೆದ ಸರಳ ಪಠ್ಯದ ಫೈಲನ್ನೇ, ಮತ್ತೆ ತೆರೆಯಿರಿ. ಆಗ ಬರುವ ಕಿಟಕಿಯ ಕೆಳಭಾಗದಲ್ಲಿ ಕಾಲಮ್‌ಗಳ ಮಾದರಿ ಕಾಣುತ್ತದೆ. ದಿನಾಂಕದ ಕಾಲಮ್‌ನ ತಲೆಯ ಮೇಲೆ ಕ್ಲಿಕ್ ಮಾಡಿ, ಅದರ ಬಗೆಯನ್ನು ಡೇಟ್, ಡಿಎಂವೈ, ಅಂದರೆ ದಿನ-ತಿಂಗಳು-ವರ್ಷ ಎಂದು ಬದಲಿಸಿ ಮುಂದುವರಿಯಿರಿ. ಮೂಲ ಫೈಲ್ ಅಳಿಸಿಹೋಗಿದ್ದರೆ ಬಲಕ್ಕಿರುವ ಸಾಲುಗಳಿಗೆ ಮಾತ್ರ ಪಕ್ಕದ ಕಾಲಮ್‌ನಲ್ಲಿ ಡೇಟ್ ಫಂಕ್ಷನ್ ಬಳಸಿ, ತಿಂಗಳ ಜಾಗಕ್ಕೆ ದಿನವನ್ನೂ ದಿನದ ಜಾಗಕ್ಕೆ ತಿಂಗಳನ್ನೂ ಕೊಟ್ಟು ಹೊಸ ದಿನಾಂಕ ಮಾಡಿಕೊಳ್ಳಬಹುದು. ಎಡಕ್ಕಿರುವ ಪಠ್ಯವನ್ನು ಡೇಟಾ ಮೆನುವಿನ ಟೆಕ್ಸ್ಟ್ ಟು ಕಾಲಮ್ಸ್ ಮೂಲಕ ಅದೇ ಡಿಎಂವೈ ಆರಿಸಿ ಪರಿವರ್ತಿಸಿ. ಎಲ್ಲ ಸಾಲುಗಳೂ ನೀಲಿಯಾದ ಮೇಲೆಯೇ (ಡೇಟ್ ಫಂಕ್ಷನ್ ಹಾಕಿದ ಸೆಲ್‌ಗಳು ಹಸಿರಾಗಿ ಕಾಣುತ್ತವೆ) ಫಾರ್ಮ್ಯಾಟ್ ಬಗ್ಗೆ ಯೋಚಿಸಿ. ನನ್ನ ಸಲಹೆ, ನೋಡುವುದಕ್ಕೆ 08-ಜೂನ್-2025 ಎಂಬಂತೆ ತಿಂಗಳ ಹೆಸರಿರುವುದನ್ನೇ ಇಡಿ. ಕಂಟ್ರೋಲ್ ಮತ್ತು 1 ಒತ್ತಿದಾಗ ಬರುವ ಫಾರ್ಮ್ಯಾಟ್ ಕಿಟಕಿಯಲ್ಲಿ ಭಾಷೆಯನ್ನು ಕನ್ನಡ ಮಾಡಿದರೆ ಮನೆಯ ಹಿರಿಯರೂ ಓದಬಹುದು. ಬೇರೆಯವರಿಗೆ ಫೈಲ್ ಕಳಿಸುವಾಗ ಮಾತ್ರ 2025-06-08 ಎಂದು ವರ್ಷ ಮೊದಲಿರುವ, ಐಎಸ್‌ಒ 8601 ಎಂಬ ಅಂತರರಾಷ್ಟ್ರೀಯ ಕ್ರಮ ಒಳ್ಳೆಯದು, ಏಕೆಂದರೆ ಅದು ಪಠ್ಯವಾಗಿ ಉಳಿದರೂ ಸರಿಯಾದ ಸರದಿಯಲ್ಲೇ ನಿಲ್ಲುತ್ತದೆ.

ಸಮಯದ ಕಾಲಮ್‌ನಲ್ಲಿ ಇನ್ನೊಂದು ವಿಷಯವಿದೆ. ನಿಮ್ಮ ಮಳೆಮಾಪಕ ಯುಟಿಸಿ, ಅಂದರೆ ಜಾಗತಿಕ ಪ್ರಮಾಣಿತ ಸಮಯವನ್ನು ಬರೆಯುತ್ತಿದೆ, ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದಿದೆ. 9ರ ಬೆಳಗಿನ ಜಾವ 2 ಗಂಟೆಗೆ ಬಂದ ಮಳೆ ಅದರಲ್ಲಿ 8ರ ರಾತ್ರಿ 8:30 ಎಂದು ದಾಖಲಾಗಿರುತ್ತದೆ. ದಿನಾಂಕ ಮತ್ತು ಸಮಯವನ್ನು ಕೂಡಿಸಿ ಒಂದೇ ಸೆಲ್‌ಗೆ ತಂದು, ಅದಕ್ಕೆ 5.5ನ್ನು 24ರಿಂದ ಭಾಗಿಸಿ ಸೇರಿಸಿ. ಹವಾಮಾನ ಇಲಾಖೆಯ ಅಂಕಿಯೊಡನೆ ಹೋಲಿಸುವುದಾದರೆ ಅವರ ಮಳೆ ದಿನ ಬೆಳಿಗ್ಗೆ 8:30ಕ್ಕೆ ಮುಗಿಯುತ್ತದೆ ಎಂಬುದನ್ನೂ ಗಮನಿಸಬೇಕು. ಸರಿಪಡಿಸಿದ ಸಮಯದಿಂದ 8:30 ಕಳೆದು, ಪೂರ್ಣಾಂಕವನ್ನು ಮಾತ್ರ ಉಳಿಸಿಕೊಂಡು, ಒಂದು ಕೂಡಿದರೆ ಆ ಮಳೆ ಯಾವ ದಿನಾಂಕದ ಖಾತೆಗೆ ಸೇರಬೇಕೋ ಅದು ಸಿಗುತ್ತದೆ. 8ರ ರಾತ್ರಿ 10ರ ಮಳೆ ಹೀಗೆ 9ರ ಖಾತೆಗೆ ಬರುತ್ತದೆ, ಅದೇ ಸರಿ.

ಮೋಟಾರ್ ಲೆಕ್ಕ ತಪ್ಪಲು ಕಾರಣ ರಾತ್ರಿ ಪಾಳಿಯ ತ್ರೀಫೇಸ್ ಕರೆಂಟ್. 10ಕ್ಕೆ ಹಾಕಿ ಬೆಳಗಿನ ಜಾವ 4ಕ್ಕೆ ನಿಲ್ಲಿಸಿದರೆ, ಬರಿಯ ಸಮಯಗಳನ್ನು ಕಳೆದಾಗ ಮೈನಸ್ 18 ಗಂಟೆ ಬರುತ್ತದೆ. ನಿಲ್ಲಿಸಿದ ಸಮಯ ಚಿಕ್ಕದಿದ್ದ ಕಡೆ ಒಂದು, ಅಂದರೆ ಒಂದು ದಿನ, ಕೂಡಿಸಿ ಕಳೆಯಿರಿ. ವಾರದ ಮೊತ್ತ 26:15 ಬರಬೇಕಾದಲ್ಲಿ 02:15 ಕಾಣುತ್ತಿರುವುದು ಫಾರ್ಮ್ಯಾಟ್‌ನಿಂದ, 24 ತುಂಬಿದೊಡನೆ ಅದು ಮತ್ತೆ ಸೊನ್ನೆಯಿಂದ ತೋರಿಸುತ್ತದೆ. ಗಂಟೆಯ ಅಕ್ಷರಗಳನ್ನು [HH]:MM ಎಂದು ಚೌಕ ಕಂಸದೊಳಗೆ ಇಟ್ಟರೆ ಪೂರ್ತಿ ಗಂಟೆ ಕಾಣುತ್ತದೆ.

ಮಗಳಿಗೆ ಹೇಳಿ, ಟೇಬಲ್‌ಗೆ ಸ್ಟ್ರಿಂಗ್, ಅಂದರೆ ಬರಿಯ ಪಠ್ಯ, ಕೊಡದೆ ಜಾವಾದ ದಿನಾಂಕ-ಸಮಯದ ಬಗೆಯಾದ ಲೋಕಲ್‌ಡೇಟ್‌ಟೈಮ್ ಮೌಲ್ಯವನ್ನೇ ಕೊಟ್ಟು, ಸೆಲ್‌ನಲ್ಲಿ ಏನು ಕಾಣಬೇಕೆಂದು ಹೇಳುವ ಸೆಲ್ ಫ್ಯಾಕ್ಟರಿಯಲ್ಲಿ ಮಾತ್ರ ಫಾರ್ಮ್ಯಾಟ್ ಮಾಡಲಿ. ಆಗ ಕಾಲಮ್‌ನ ತಲೆ ಒತ್ತಿದಾಗ ಸಾಲುಗಳು ಕಾಲಕ್ರಮದಲ್ಲಿ ನಿಲ್ಲುತ್ತವೆ. ಮೇಲೆ ಕೆಳಗೆ ಸರಿಸುವಾಗ ಅದೇ ಸೆಲ್‌ಗಳು ಮತ್ತೆ ಮತ್ತೆ ಬಳಕೆಯಾಗುವುದರಿಂದ ಖಾಲಿ ಸಾಲಿನ ಪಠ್ಯವನ್ನು ಅಳಿಸುವುದನ್ನು ಮರೆಯಬಾರದು, ಇಲ್ಲವಾದರೆ ಹಳೆಯ ದಿನಾಂಕ ಅಲ್ಲೇ ಉಳಿಯುತ್ತದೆ. ಫಾರ್ಮ್ಯಾಟ್‌ನಲ್ಲಿ ದೊಡ್ಡ ಎಂ ತಿಂಗಳು, ಚಿಕ್ಕ ಎಂ ನಿಮಿಷ. ದೊಡ್ಡ ಎಚ್ 24 ಗಂಟೆಯ ಲೆಕ್ಕ, ಚಿಕ್ಕದು 12ರದ್ದು. ವರ್ಷಕ್ಕೆ ಚಿಕ್ಕ ವೈ ಬಳಸಬೇಕು. ದೊಡ್ಡ ವೈ ಎಂದರೆ ವಾರದ ಲೆಕ್ಕದ ವರ್ಷ, ಅದರಲ್ಲಿ 2024ರ ಡಿಸೆಂಬರ್ 30 ಕೂಡ 2025 ಎಂದು ತೋರುತ್ತದೆ.

ಮೊದಲು ಫೈಲಿನ ಒಂದು ಪ್ರತಿ ಬೇರೆ ಇಟ್ಟುಕೊಂಡು ದಿನಾಂಕದ ಕಾಲಮ್ ಒಂದನ್ನೇ ಮಾಡಿ ನೋಡಿ. ಜೂನ್ 8ರ ಸಾಲು ಜೂನ್‌ಗೆ ಮರಳಿದ ಮೇಲೆ ಫೋಟೋ ಹಾಕಿ, ಸಮಯದ ಸೂತ್ರವನ್ನು ನಿಮ್ಮ ಕಾಲಮ್‌ಗಳಿಗೆ ಹೊಂದುವಂತೆ ನಾನೇ ಬರೆದು ಕೊಡುತ್ತೇನೆ.